ಆಯುಧದಿಂದ ಹಲ್ಲೆ ಕೇಸಿನಲ್ಲಿ ಶಿಕ್ಷೆಯಾದ ಮೇಲೆ: ಮೇಲ್ಮನವಿ ಕೋರ್ಟು ಸಾಕ್ಷ್ಯವನ್ನು ಓದುವ ಬಗೆ

ಮೇಲ್ಮನವಿ ಕೋರ್ಟಿಗೆ ಸಾಕ್ಷಿಗಳು ಬರುವುದಿಲ್ಲ. ಬರುವುದು ಅವರ ಮಾತು ಬರೆದಿಟ್ಟ ಕಾಗದ. ಮಚ್ಚು ಬೀಸಿದ್ದನ್ನು ಕಂಡೆ ಎಂದವರ ಮುಖವನ್ನು ಆ ನ್ಯಾಯಾಧೀಶರು ನೋಡಿರುವುದಿಲ್ಲ, ದನಿ ಕೇಳಿರುವುದಿಲ್ಲ. ಆದರೂ ಶಿಕ್ಷೆ ನಿಲ್ಲಬೇಕೇ ಬೀಳಬೇಕೇ ಎಂದು ತೀರ್ಮಾನಿಸುವವರು ಅವರೇ. ಶಿಕ್ಷೆಯಾದವರ ಮನೆಯವರಿಗೆ ಇದು ತಡವಾಗಿ ಅರ್ಥವಾಗುತ್ತದೆ. "ನಮ್ಮ ಕಡೆ ನಾಲ್ಕು ಜನ ಬಂದು ಹೇಳ್ತಾರೆ ಸರ್" ಎನ್ನುತ್ತಾರೆ. ಆ ಕಾಲ ಮುಗಿದಿರುತ್ತದೆ. ಈಗ ಉಳಿದಿರುವುದು ಕಡತ. ಅದನ್ನು ಸರಿಯಾದ ಕಡೆಯಿಂದ ಬಿಚ್ಚಬೇಕು.

ನನ್ನ ಪ್ರಕಾರ ಆ ಸರಿಯಾದ ಕಡೆ ಎಂದರೆ ಗಾಯ. ಹೆಚ್ಚಿನವರು ಫಿರ್ಯಾದಿಯಿಂದ ಓದಲು ಶುರು ಮಾಡುತ್ತಾರೆ. ಕಥೆ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಪ್ರತಿ ಕಾಗದವೂ ಆ ಕಥೆಗೆ ಹೊಂದಿದ ಹಾಗೇ ಕಾಣುತ್ತದೆ. ಮೊದಲು ಗಾಯ, ಆಮೇಲೆ ಆಯುಧ, ಕೊನೆಗೆ ಬಾಯಿಮಾತು. ಈ ಕ್ರಮದಲ್ಲಿ ಓದಿ ನೋಡಿ, ಕೇಸು ಬೇರೆಯೇ ಕಾಣುತ್ತದೆ. ಆದರೆ ಅಲ್ಲಿಗೆ ಹೋಗುವ ಮುನ್ನ ಮುಗಿಸಬೇಕಾದ ಒಂದೆರಡು ತುರ್ತು ಕೆಲಸಗಳಿವೆ.

1. ಕಲಂ ಯಾವುದು, ಕೋರ್ಟು ಯಾವುದು, ದಿನ ಎಷ್ಟು

ತೀರ್ಪಿನ ಕೊನೆಯ ಪುಟ ನೋಡಿ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಘಟನೆಯಾದರೆ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ ಕಲಂ ಇರುತ್ತದೆ: 324 ಎಂದರೆ ಅಪಾಯಕಾರಿ ಆಯುಧದಿಂದ ಸಾಮಾನ್ಯ ಗಾಯ, 326 ಎಂದರೆ ಅಂಥ ಆಯುಧದಿಂದ ತೀವ್ರ ಗಾಯ. ಆ ದಿನ ಅಥವಾ ನಂತರದ ಘಟನೆಯಾದರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ. ಅದರ ಮೊದಲ ಉಪಕಲಂ ಹಳೆಯ 324ರ ಜಾಗದಲ್ಲಿದೆ, ಎರಡನೆಯದು 326ರ ಜಾಗದಲ್ಲಿ. 324ಕ್ಕೆ ಗರಿಷ್ಠ 3 ವರ್ಷ. 326ಕ್ಕೆ 10 ವರ್ಷದವರೆಗೆ ಅಥವಾ ಜೀವಾವಧಿ. ಹೊಸ ಕಾನೂನು ತೀವ್ರ ಗಾಯದ ಉಪಕಲಮಿಗೆ ಕನಿಷ್ಠ 1 ವರ್ಷ ಎಂದೂ ಸೇರಿಸಿದೆ. ಹಳೆಯ 326ರಲ್ಲಿ ಈ ಕನಿಷ್ಠ ಇರಲಿಲ್ಲ. ಶಿಕ್ಷೆ ಇಳಿಸಿ ಎಂದು ಕೇಳುವಾಗ ಈ ವ್ಯತ್ಯಾಸ ದೊಡ್ಡದು.

ಜೆಎಂಎಫ್‌ಸಿ, ಅಂದರೆ ಮ್ಯಾಜಿಸ್ಟ್ರೇಟ್ ಕೋರ್ಟು ಶಿಕ್ಷೆ ಕೊಟ್ಟಿದ್ದರೆ ಮೇಲ್ಮನವಿ ಸೆಷನ್ಸ್ ಕೋರ್ಟಿಗೆ, 30 ದಿನದೊಳಗೆ. ಕೊಲೆ ಯತ್ನದ ಕಲಂ ಕೂಡ ಸೇರಿ ಸೆಷನ್ಸ್ ನ್ಯಾಯಾಧೀಶರೇ ವಿಚಾರಣೆ ನಡೆಸಿದ್ದರೆ ಹೈಕೋರ್ಟಿಗೆ, 60 ದಿನದೊಳಗೆ. ತೀರ್ಪಿನ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಕಳೆಯಬಹುದು. ತಡವಾದರೆ ಕಾರಣ ಕೊಟ್ಟು ಅರ್ಜಿ ಹಾಕಬಹುದು. ಹಾಗಂತ ಸುಮ್ನೆ ಕೂರಬೇಡಿ.

ಜೈಲುಶಿಕ್ಷೆಯಾದವರಿಗೆ ತೀರ್ಪಿನ ಒಂದು ನಕಲನ್ನು ಕೋರ್ಟು ಪುಕ್ಕಟೆಯಾಗಿ ಕೊಡಬೇಕು. ಜೈಲಿನಲ್ಲಿರುವವರು ಜೈಲಿನ ಅಧಿಕಾರಿಗಳ ಮೂಲಕವೇ ಮೇಲ್ಮನವಿ ಕಳಿಸಬಹುದು. ವಕೀಲರನ್ನು ಇಡಲು ಆಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಬಂಧನದಲ್ಲಿ ಇರುವವರಿಗೆ ಆದಾಯದ ಮಿತಿ ಇಲ್ಲದೆ ಈ ನೆರವು ಸಿಗುತ್ತದೆ.

2. ಶಿಕ್ಷೆಗೆ ತಡೆ ಕೇಳಿ

ಶಿಕ್ಷೆ 3 ವರ್ಷ ಮೀರದಿದ್ದರೆ, ಆರೋಪಿ ಅಲ್ಲಿಯವರೆಗೆ ಜಾಮೀನಿನ ಮೇಲಿದ್ದವನಾದರೆ, ಶಿಕ್ಷೆ ಕೊಟ್ಟ ಕೋರ್ಟೇ ಮೇಲ್ಮನವಿ ಹಾಕುವಷ್ಟು ಕಾಲ ಜಾಮೀನು ಕೊಡಬಹುದು. ಆಮೇಲೆ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಅಮಾನತಿಗೆ ಅರ್ಜಿ ಹಾಕಬೇಕು. ಹಳೆಯ ಸಿಆರ್‌ಪಿಸಿಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಇದು 389ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 430. ಅಮಾನತಾಗುವುದು ಶಿಕ್ಷೆ ಮಾತ್ರ. ಅಪರಾಧಿ ಎಂಬ ತೀರ್ಮಾನ ಹಾಗೇ ಇರುತ್ತದೆ. ಸರ್ಕಾರಿ ಕೆಲಸದಲ್ಲಿ ಇರುವವರು ಇದನ್ನು ಚೆನ್ನಾಗಿ ತಿಳಿದಿರಬೇಕು.

3. ಕೋರ್ಟಿನ ಕೈ ಎಷ್ಟು ಉದ್ದ

ಶಿಕ್ಷೆಯ ವಿರುದ್ಧದ ಮೊದಲ ಮೇಲ್ಮನವಿಯಲ್ಲಿ ಕೋರ್ಟು ಇಡೀ ಸಾಕ್ಷ್ಯವನ್ನು ತಾನೇ ಹೊಸದಾಗಿ ತೂಗಿ ನೋಡಬೇಕು. ಕೆಳಗಿನ ಕೋರ್ಟು ಹೇಳಿದ್ದು ಸರಿಯಾಗಿ ಕಾಣುತ್ತದೆ ಎಂದು ಒಂದು ಸಾಲು ಬರೆದು ಮುಗಿಸುವಂತಿಲ್ಲ. ವಕೀಲರು ಬರಲಿಲ್ಲ ಎಂಬ ಒಂದೇ ಕಾರಣಕ್ಕೂ ವಜಾ ಮಾಡುವಂತಿಲ್ಲ, ದಾಖಲೆ ಓದಿಯೇ ತೀರ್ಪು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ.

ಹೊಸದಾಗಿ ತೂಗುವುದೆಂದರೆ ಕೆಳಗಿನ ನ್ಯಾಯಾಧೀಶರ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲ ಎಂದಲ್ಲ. ಸಾಕ್ಷಿ ತಡವರಿಸಿದ್ದು, ಸಿಟ್ಟಾದದ್ದು, ನೇರವಾಗಿ ಉತ್ತರಿಸಿದ್ದು ಅವರ ಕಣ್ಣೆದುರು ನಡೆದಿರುತ್ತದೆ. ಹಾಗಾಗಿ "ಈ ಸಾಕ್ಷಿ ಸುಳ್ಳುಗಾರ" ಎಂಬ ವಾದ ಮೇಲಿನ ಕೋರ್ಟಿನಲ್ಲಿ ಸುಲಭಕ್ಕೆ ನಡೆಯುವುದಿಲ್ಲ. "ಈ ಸಾಕ್ಷಿ ಹೇಳಿದ್ದು ವೈದ್ಯರ ದಾಖಲೆಗೆ ಹೊಂದುವುದಿಲ್ಲ" ಎಂಬ ವಾದ ನಡೆಯುತ್ತದೆ. ಅದನ್ನು ಪರೀಕ್ಷಿಸಲು ಮುಖ ನೋಡಬೇಕಿಲ್ಲ, ಕಾಗದ ಸಾಕು. ಗಾಯದಿಂದ ಶುರು ಮಾಡಿ ಎಂದು ನಾನು ಹೇಳುವುದು ಇದಕ್ಕೇ.

ಆರೋಪಿಯ ಮೇಲ್ಮನವಿಯಲ್ಲಿ ಕೋರ್ಟು ಬಿಡುಗಡೆ ಮಾಡಬಹುದು, ಕಲಂ ಇಳಿಸಬಹುದು, ಶಿಕ್ಷೆ ಕಡಿಮೆ ಮಾಡಬಹುದು, ಮರುವಿಚಾರಣೆಗೆ ಕಳಿಸಬಹುದು. ಜಾಸ್ತಿ ಮಾಡುವಂತಿಲ್ಲ. ಶಿಕ್ಷೆ ಸಾಲದು ಎಂದು ಸರ್ಕಾರ ಬೇರೆ ಮೇಲ್ಮನವಿ ಹಾಕಿದ್ದರೆ ಮಾತು ಬೇರೆ. ಗಾಯಾಳುವಿಗೂ ಮೇಲ್ಮನವಿಯ ಹಕ್ಕಿದೆ: ಬಿಡುಗಡೆಯಾದರೆ, ಚಿಕ್ಕ ಕಲಮಿನಡಿ ಮಾತ್ರ ಶಿಕ್ಷೆಯಾದರೆ, ಪರಿಹಾರ ಕಡಿಮೆಯಾದರೆ. ಬಿಡುಗಡೆಯ ವಿರುದ್ಧದ ಮೇಲ್ಮನವಿಯ ದಾರಿ ಕಡಿದು. ಎರಡು ಅಭಿಪ್ರಾಯಕ್ಕೆ ಎಡೆಯಿದ್ದರೆ ಬಿಡುಗಡೆಯನ್ನು ಕದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಕರ್ನಾಟಕದ್ದೇ ಒಂದು ಕೇಸಿನಲ್ಲಿ ವಿವರವಾಗಿ ಬರೆದಿದೆ.

4. ಗಾಯವನ್ನು ಓದಿ

ಒಂದು ಕಾಲ್ಪನಿಕ ಕೇಸು ಇಟ್ಟುಕೊಳ್ಳೋಣ. ಹೊಲದ ಬದುವಿಗೆ ಜಗಳ. ಮಚ್ಚಿನಿಂದ ತಲೆಗೆ ಹೊಡೆದ ಎಂದು ಆರೋಪ. ಕಡತದಲ್ಲಿ ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಅಂದರೆ ವೂಂಡ್ ಸರ್ಟಿಫಿಕೇಟ್, ಒಂದೇ ಹಾಳೆ. ಆ ಹಾಳೆಯನ್ನು ಹತ್ತು ಸಲ ಓದಿ.

ಗಾಯ ಎಲ್ಲಿದೆ, ಎಷ್ಟು ಉದ್ದ, ಎಷ್ಟು ಆಳ, ಅಂಚು ಹೇಗಿದೆ? ಹರಿತವಾದ ಆಯುಧದಿಂದ ಆಗುವುದು ಕೊಯ್ದ ಗಾಯ, ಅಂಚು ನೇರ. ಕಲ್ಲು ದೊಣ್ಣೆಗಳಿಂದ ಆಗುವುದು ಹರಿದ ಗಾಯ, ಅಂಚು ಒರಟು, ಸುತ್ತ ಕಂದಿರುತ್ತದೆ. ವೈದ್ಯರು ಹರಿದ ಗಾಯ ಎಂದು ಬರೆದಿದ್ದರೆ ಮಚ್ಚಿನ ಅಲಗಿನ ಕಥೆಗೆ ಪೆಟ್ಟು. ಆದರೆ ಒಂದು ಎಚ್ಚರ. ತಲೆಯ ಚರ್ಮದ ಕೆಳಗೆ ಮೂಳೆ ಗಟ್ಟಿಯಾಗಿರುವುದರಿಂದ ದೊಣ್ಣೆ ಪೆಟ್ಟಿಗೂ ಚರ್ಮ ಕೊಯ್ದ ಹಾಗೆ ಸೀಳುವುದುಂಟು. ಬರಿಗಣ್ಣಿಗೆ ಎರಡೂ ಒಂದೇ ಥರ. ಅಂಚಿನ ಕಂದುವಿಕೆ, ಕೂದಲಿನ ಬುಡ ಜಜ್ಜಿಹೋಗಿರುವುದು ವ್ಯತ್ಯಾಸ ಹೇಳುತ್ತವೆ. ಮಚ್ಚಿನ ಹಿಂಬದಿಯಿಂದ ಹೊಡೆದರೂ ಹರಿದ ಗಾಯವೇ ಆಗುತ್ತದೆ. ಅಲಗೋ ಹಿಂಬದಿಯೋ ಎಂದು ಸಾಕ್ಷಿ ಹೇಳಿದ್ದಾನಾ? ವೈದ್ಯರ ಪಾಟೀಸವಾಲಿನಲ್ಲಿ, ಅಂದರೆ ಎದುರು ಕಡೆಯ ವಕೀಲರು ಪ್ರಶ್ನೆ ಹಾಕಿದಾಗ, ಇದನ್ನು ಕೇಳಿದ್ದಾರಾ ನೋಡಿ.

ಇನ್ನು ಗಾಯ ಸಾಮಾನ್ಯವೋ ತೀವ್ರವೋ? ಇದು ವೈದ್ಯರ ಒಂದು ಪದದಿಂದ ತೀರ್ಮಾನವಾಗುವುದಿಲ್ಲ. ಕಾನೂನು ಎಂಟು ಬಗೆ ಪಟ್ಟಿ ಮಾಡಿದೆ. ಕಣ್ಣು ಹೋಗುವುದು, ಕಿವಿ ಹೋಗುವುದು, ಮುಖ ಶಾಶ್ವತವಾಗಿ ವಿರೂಪವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು ಮುಂತಾದವು. ಕೊನೆಯ ಬಗೆ ಜೀವಕ್ಕೆ ಅಪಾಯ ತರುವ ಗಾಯ, ಇಲ್ಲವೇ ಇಷ್ಟು ದಿನ ತೀವ್ರ ನೋವು ಕೊಡುವ, ದಿನನಿತ್ಯದ ಕೆಲಸ ಮಾಡಲಾಗದಂತೆ ಮಾಡುವ ಗಾಯ. ಐಪಿಸಿಯಲ್ಲಿ ಆ ಅವಧಿ 20 ದಿನ, ನ್ಯಾಯ ಸಂಹಿತೆಯಲ್ಲಿ 15. ನಿಮ್ಮ ಕೇಸು ಈ ಎಂಟರಲ್ಲಿ ಯಾವುದರಲ್ಲಿ ಕೂರುತ್ತದೆ ಎಂದು ತೀರ್ಪು ಹೇಳಿದೆಯೇ? ಎಷ್ಟೋ ತೀರ್ಪುಗಳು ಹೇಳಿರುವುದಿಲ್ಲ. "ವೈದ್ಯರು ತೀವ್ರ ಗಾಯ ಎಂದಿದ್ದಾರೆ" ಎಂದಷ್ಟೇ ಇರುತ್ತದೆ.

ಮೂಳೆ ಮುರಿತ ಎಂದಿದ್ದರೆ ಎಕ್ಸ್‌ರೇ ಎಲ್ಲಿ ಎಂದು ಹುಡುಕಿ. ಫಿಲ್ಮ್ ಅಥವಾ ರೇಡಿಯಾಲಜಿ ವರದಿ ಕೋರ್ಟಿಗೆ ಬಂದಿದೆಯೇ, ಅದಕ್ಕೆ ನಿಶಾನೆ ಹಾಕಿದ್ದಾರೆಯೇ, ಅದನ್ನು ನೋಡಿದ ವೈದ್ಯರೇ ಸಾಕ್ಷಿ ಹೇಳಿದ್ದಾರೆಯೇ? ಇದೊಂದು ಕೊರತೆಯಿಂದ 326 ಇಳಿದು 324 ಆದ ಕೇಸುಗಳು ಬಹಳ. ದಿನಗಳ ಲೆಕ್ಕವಾದರೆ ಒಳರೋಗಿ ದಾಖಲೆ, ಡಿಸ್ಚಾರ್ಜ್ ಹಾಳೆ ನೋಡಿ. ಆಸ್ಪತ್ರೆಯಲ್ಲಿ 20 ದಿನ ಮಲಗಿದ್ದ ಎಂದ ಮಾತ್ರಕ್ಕೆ ಸಾಲದು. ಆ ದಿನಗಳಲ್ಲಿ ತೀವ್ರ ನೋವು ಇತ್ತು ಅಥವಾ ಕೆಲಸ ಮಾಡಲಾಗುತ್ತಿರಲಿಲ್ಲ ಎಂಬುದು ಸಾಕ್ಷ್ಯದಲ್ಲಿ ಬರಬೇಕು.

ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್, ಅಂದರೆ ಪೊಲೀಸ್ ಕೇಸಾಗಬಹುದಾದ ಗಾಯಗಳನ್ನು ಬರೆದಿಡುವ ಪುಸ್ತಕ, ಇನ್ನೊಂದು ಚಿನ್ನದಂಥ ದಾಖಲೆ. ಗಾಯ ಹೇಗಾಯಿತು ಎಂದು ವೈದ್ಯರು ಕೇಳಿ ಬರೆದುಕೊಂಡ ಸಾಲು ಅದರಲ್ಲಿರುತ್ತದೆ. ಎಷ್ಟೋ ಸಲ ಅದು ಎಫ್‌ಐಆರ್‌ಗಿಂತ ಮೊದಲಿನದು. ಅಲ್ಲಿ "ಬಿದ್ದು ಗಾಯ" ಎಂದಿದ್ದು, ಸಂಜೆಯ ದೂರಿನಲ್ಲಿ "ಮಚ್ಚಿನಿಂದ ಹೊಡೆದ" ಎಂದಾಗಿದ್ದರೆ ಅದು ವಾದದ ಮೊದಲ ಅಂಶವಾಗಬೇಕು. ಬರೀ ಹೆಸರು ಬರೆದಿಲ್ಲ ಎಂಬುದಕ್ಕೆ ಅಷ್ಟು ತೂಕವಿಲ್ಲ. ವೈದ್ಯರ ಕೆಲಸ ಚಿಕಿತ್ಸೆ, ಆರೋಪಿಗಳ ಪಟ್ಟಿ ಮಾಡುವುದಲ್ಲ ಎಂದು ಕೋರ್ಟುಗಳು ಹೇಳುತ್ತವೆ. ಅದು ಸರಿಯಾದ ಮಾತೇ.

5. ಆಯುಧವನ್ನು ಓದಿ

ಕಲಮಿನ ಮಾತುಗಳು ಹೀಗಿವೆ: ಗುಂಡು ಹಾರಿಸುವ, ಇರಿಯುವ, ಕೊಯ್ಯುವ ಸಾಧನ, ಇಲ್ಲವೇ ಆಯುಧವಾಗಿ ಬಳಸಿದರೆ ಸಾವು ತರುವ ಸಂಭವವಿರುವ ಸಾಧನ. ಬೆಂಕಿ, ಕಾಯಿಸಿದ ವಸ್ತು, ವಿಷ, ಸುಡುವ ದ್ರವ, ಸ್ಫೋಟಕ, ಪ್ರಾಣಿ ಕೂಡ ಪಟ್ಟಿಯಲ್ಲಿವೆ. ಮಚ್ಚು ಕುಡುಗೋಲುಗಳ ಬಗ್ಗೆ ಚರ್ಚೆ ಬೇಡ. ತಕರಾರು ಬರುವುದು ಕಲ್ಲು, ದೊಣ್ಣೆ, ಕೊಳವೆ, ಬಾಟಲಿಗಳಲ್ಲಿ. ಅವುಗಳ ಗಾತ್ರ, ತೂಕ, ಬಳಸಿದ ರೀತಿ ಸಾಕ್ಷ್ಯದಲ್ಲಿರಬೇಕು. ಕೇರಳದ ಒಂದು ಕೇಸಿನಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ನೋಡಿತು. ಬಳಸಿದ್ದು ಕಲ್ಲು. ಅದರ ಗಾತ್ರ ನೋಡಿದರೆ ಅಪಾಯಕಾರಿ ಆಯುಧ ಎನ್ನಲಾಗದು ಎಂದು 326ನ್ನು 325ಕ್ಕೆ ಇಳಿಸಿತು. ಗಾಯ ತೀವ್ರವಾಗಿಯೇ ಉಳಿಯಿತು, ಆಯುಧದ ಭಾಗ ಬಿದ್ದುಹೋಯಿತು. ಗಾಯ ಬೇರೆ, ಆಯುಧ ಬೇರೆ. ಎರಡನ್ನೂ ಬೇರೆ ಬೇರೆಯಾಗಿ ಸಾಬೀತು ಮಾಡಬೇಕು.

ಆಯುಧ ಸಿಕ್ಕಿದ್ದು ಹೇಗೆ? ಆರೋಪಿ ತೋರಿಸಿದ ಎಂದು ಮಹಜರಿನಲ್ಲಿ ಇರುತ್ತದೆ. "ಮಚ್ಚನ್ನು ಬೇಲಿಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ" ಎಂಬಷ್ಟನ್ನು ಕೋರ್ಟು ನೋಡಬಹುದು. "ಅದರಿಂದಲೇ ಹೊಡೆದೆ" ಎಂಬುದು ಪೊಲೀಸರ ಮುಂದಿನ ತಪ್ಪೊಪ್ಪಿಗೆ, ಅದನ್ನು ನೋಡುವಂತಿಲ್ಲ. ತೀರ್ಪು ಎರಡನ್ನೂ ಕಲಸಿ ಬರೆದಿದ್ದರೆ ಗುರುತು ಮಾಡಿಕೊಳ್ಳಿ. ಎಲ್ಲರೂ ಓಡಾಡುವ ಬಯಲಿನಲ್ಲಿ ಸಿಕ್ಕಿದ್ದಕ್ಕೆ ಬೆಲೆ ಕಡಿಮೆ. ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ಉಲ್ಟಾ ಹೊಡೆದರೂ ತನಿಖಾಧಿಕಾರಿಯ ಮಾತು ನಂಬುವಂತಿದ್ದರೆ ಮಹಜರು ನಿಲ್ಲಬಹುದು. ಹಾಗಾಗಿ "ಪಂಚರೆಲ್ಲ ಹಾಸ್ಟೈಲ್" ಎಂಬುದನ್ನೇ ನೆಚ್ಚಬೇಡಿ. ಸೀಲ್ ಹಾಕಿದ್ದು ಯಾವಾಗ, ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಹೋದದ್ದು ಯಾವಾಗ, ರಕ್ತ ಮನುಷ್ಯನದೇ, ಗುಂಪು ಗಾಯಾಳುವಿನದಕ್ಕೆ ಹೊಂದಿತೇ ಎಂದು ದಿನಾಂಕಗಳ ಜೊತೆ ಬರೆದುಕೊಳ್ಳಿ.

ವಶಪಡಿಸಿಕೊಂಡ ಆ ಆಯುಧವನ್ನು (ಮುದ್ದೆಮಾಲು) ವೈದ್ಯರಿಗೆ ತೋರಿಸಿ "ಇದರಿಂದ ಈ ಗಾಯ ಆಗಬಹುದೇ" ಎಂದು ಕೇಳುವುದು ಪ್ರಾಸಿಕ್ಯೂಷನ್‌ನ ಹೊಣೆ ಎಂದು ಸುಪ್ರೀಂ ಕೋರ್ಟ್ 1970ರ ದಶಕದಲ್ಲೇ ಹೇಳಿದೆ. ಈಗಲೂ ಎಷ್ಟೋ ಕಡತಗಳಲ್ಲಿ ಆ ಪ್ರಶ್ನೆಯೇ ಇರುವುದಿಲ್ಲ. ಇಷ್ಟಾಗಿಯೂ ಒಂದು ಮಾತು: ನಂಬುವಂಥ ಪ್ರತ್ಯಕ್ಷ ಸಾಕ್ಷಿ ಇದ್ದರೆ ಆಯುಧ ಸಿಗಲೇ ಇಲ್ಲ ಎಂಬುದರಿಂದ ಮಾತ್ರ ಕೇಸು ಬೀಳುವುದಿಲ್ಲ.

6. ಈಗ ಬಾಯಿಮಾತು

ಗಾಯಗೊಂಡವನೇ ಸಾಕ್ಷಿಯಾದರೆ ಅವನ ಮಾತಿಗೆ ಕೋರ್ಟು ಹೆಚ್ಚು ತೂಕ ಕೊಡುತ್ತದೆ. ಗಾಯವೇ ಅವನು ಅಲ್ಲಿದ್ದ ಎಂಬುದಕ್ಕೆ ಪುರಾವೆ. ತನಗೆ ಹೊಡೆದವನನ್ನು ಬಿಟ್ಟು ಬೇರೆಯವನನ್ನು ಏಕೆ ಹೆಸರಿಸಿಯಾನು ಎಂಬ ತರ್ಕ. ಬಲವಾದ ತರ್ಕವೇ, ಆದರೆ ಮುರಿಯಲಾಗದ್ದಲ್ಲ. ಕತ್ತಲಿತ್ತೇ? ಹಿಂದಿನಿಂದ ಪೆಟ್ಟು ಬಿತ್ತೇ? ಹತ್ತು ಜನರ ಗಲಾಟೆಯಲ್ಲಿ ಯಾರ ಕೈಯಲ್ಲಿ ಏನಿತ್ತು ಎಂದು ಕಂಡಿರಬಹುದೇ?

ಬಾಯಿಮಾತಿಗೂ ವೈದ್ಯರ ಮಾತಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಬಾಯಿಮಾತೇ ಮೇಲು. ವೈದ್ಯಕೀಯ ಸಾಕ್ಷ್ಯ ಆ ಕಥೆ ಸಾಧ್ಯವೇ ಇಲ್ಲ ಎನ್ನುವಷ್ಟು ದೂರ ಹೋದಾಗ ಮಾತ್ರ ಬಾಯಿಮಾತನ್ನು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮಧ್ಯಪ್ರದೇಶದ ಕೇಸೊಂದರಲ್ಲಿ ಹೇಳಿದೆ. ಹಾಗಾದರೆ ಗಾಯದಿಂದ ಓದಿ ಏನು ಬಂತು ಎಂದು ಕೇಳಬಹುದು. "ಸಾಧ್ಯವಿಲ್ಲ" ಎಂದು ತೋರಿಸುವುದೇ ನಿಮ್ಮ ಕೆಲಸ. "ಮೂವರು ಮಚ್ಚಿನ ಅಲಗಿನಿಂದ ಹತ್ತು ಏಟು ಹೊಡೆದರು" ಎಂಬ ಮಾತಿನ ಎದುರು ಒಂದೇ ಒಂದು ತರಚು ಗಾಯವಿದ್ದರೆ ಅದು ಸಣ್ಣ ವ್ಯತ್ಯಾಸವಲ್ಲ. ಬಲಗೈಯೋ ಎಡಗೈಯೋ, ಐದು ಗಂಟೆಯೋ ಐದೂವರೆಯೋ ಎಂಬುದೆಲ್ಲ ಸಣ್ಣದು. ಅಂಥವನ್ನು ಇಪ್ಪತ್ತು ಸೇರಿಸಿ ಮೇಲ್ಮನವಿಯ ಮೆಮೋ ಉದ್ದ ಮಾಡಿದರೆ ಒಳ್ಳೆಯ ಎರಡು ಅಂಶ ಅದರಡಿ ಹೂತುಹೋಗುತ್ತವೆ.

ಒಬ್ಬನೇ ಸಾಕ್ಷಿ ಎಂಬುದೂ ತಾನಾಗಿ ದೌರ್ಬಲ್ಯವಲ್ಲ. ಇಷ್ಟೇ ಸಾಕ್ಷಿ ಬೇಕು ಎಂದು ಕಾನೂನು ಹೇಳುವುದಿಲ್ಲ. ಪೂರ್ತಿ ನಂಬಬಹುದಾದವರು, ಪೂರ್ತಿ ನಂಬಲಾಗದವರು, ನಡುವಿನವರು ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ಮಾಡಿದ ಮೂರು ಗುಂಪು ಇವತ್ತಿಗೂ ಬಳಕೆಯಲ್ಲಿದೆ. ಮೂರನೆಯ ಗುಂಪಿನವರಿಗೆ ಮಾತ್ರ ಬೇರೆ ಆಸರೆ ಬೇಕು.

ಪೊಲೀಸರ ಮುಂದೆ ಹೇಳದ್ದನ್ನು ಸಾಕ್ಷಿ ಕೋರ್ಟಿನಲ್ಲಿ ಹೇಳಿದ್ದರೆ? ಇಲ್ಲಿ ಬಹಳ ಜನ ಎಡವುತ್ತಾರೆ. ಪೊಲೀಸ್ ಹೇಳಿಕೆಯನ್ನು ಸುಮ್ನೆ ಮೇಲ್ಮನವಿಯಲ್ಲಿ ಓದಿ ತೋರಿಸುವಂತಿಲ್ಲ. ವಿಚಾರಣೆಯಲ್ಲೇ ಆ ಭಾಗವನ್ನು ಸಾಕ್ಷಿಗೆ ತೋರಿಸಿ ಕೇಳಿರಬೇಕು, ಗುರುತು ಹಾಕಿಸಿರಬೇಕು, ಆಮೇಲೆ ತನಿಖಾಧಿಕಾರಿಯಿಂದ ಸಾಬೀತು ಮಾಡಿಸಿರಬೇಕು. ಹೇಳದೆ ಬಿಟ್ಟ ಮಾತಿಗೂ ಇದೇ ದಾರಿ. ಈ ಕೊಂಡಿ ಎಲ್ಲಿಯಾದರೂ ತಪ್ಪಿದ್ದರೆ ಆ ವಾದ ನಿಮ್ಮ ಕೈ ಬಿಟ್ಟಂತೆ. ಪಾಟೀಸವಾಲನ್ನು ಓದುವಾಗ ಮೊದಲು ಇದನ್ನೇ ಹುಡುಕಿ.

ಸಿಸಿಟಿವಿ ದೃಶ್ಯ ಇದ್ದರೆ ಅದರ ಜೊತೆ ಕಾನೂನು ಕೇಳುವ ಪ್ರಮಾಣಪತ್ರ ಇದೆಯೇ ನೋಡಿ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ, ಈಗ 63. ಮೂಲ ಉಪಕರಣವನ್ನೇ ಹಾಜರುಪಡಿಸದಿದ್ದರೆ ಈ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿದೆ.

7. ಕೇಳದೆ ಬಿಟ್ಟದ್ದು, ಹೇಳದೆ ಬಿಟ್ಟದ್ದು

ಸಾಕ್ಷ್ಯದ ಬಗ್ಗೆ ನ್ಯಾಯಾಧೀಶರೇ ಆರೋಪಿಯನ್ನು ಕೇಳಿ ಬರೆದುಕೊಂಡ ಹೇಳಿಕೆ, ಸಿಆರ್‌ಪಿಸಿಯ 313, ಈಗಿನ 351, ತೆಗೆದು ಓದಿ. ತೀರ್ಪು ಯಾವ ಅಂಶದ ಮೇಲೆ ನಿಂತಿದೆಯೋ ಆ ಅಂಶವನ್ನು ಆರೋಪಿಗೆ ಕೇಳಿರಬೇಕು. ಎಫ್‌ಎಸ್‌ಎಲ್ ವರದಿಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲದೆ ಅದನ್ನೇ ಆಧಾರ ಮಾಡಿದ್ದರೆ ಅದು ಮೇಲ್ಮನವಿಯ ಅಂಶ. ಅದರಿಂದ ಆರೋಪಿಗೆ ಏನು ತೊಂದರೆಯಾಯಿತು ಎಂದು ಕೋರ್ಟು ಕೇಳುತ್ತದೆ. ಉತ್ತರ ಸಿದ್ಧವಿರಲಿ.

ಆರೋಪಿಗೂ ಗಾಯವಾಗಿತ್ತೇ? ಬದುವಿನ ಜಗಳದಲ್ಲಿ ಒಂದೇ ಕಡೆಗೆ ಪೆಟ್ಟು ಬೀಳುವುದು ಅಪರೂಪ ಅಲ್ವಾ. ಅವನ ಗಂಭೀರ ಗಾಯವನ್ನು ಪ್ರಾಸಿಕ್ಯೂಷನ್ ವಿವರಿಸದಿದ್ದರೆ, ಸಾಕ್ಷಿಗಳು ಘಟನೆಯ ಬುಡವನ್ನೇ ಮುಚ್ಚಿಡುತ್ತಿದ್ದಾರೆ ಎಂದು ಭಾವಿಸಬಹುದು. 1976ರಲ್ಲಿ ಬಿಹಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ತರಚು ಗಾಯಗಳಿಗೆ ಇದು ಅನ್ವಯಿಸದು. ಎದುರು ದೂರು ದಾಖಲಾಗಿದ್ದರೆ ಎರಡೂ ಕೇಸುಗಳನ್ನು ಒಬ್ಬರೇ ನ್ಯಾಯಾಧೀಶರು ನಡೆಸಿದರೇ ಎಂದೂ ನೋಡಿ.

ಹಲವು ಆರೋಪಿಗಳಿದ್ದರೆ ಒಂದು ಹಾಳೆಯಲ್ಲಿ ಪಟ್ಟಿ ಹಾಕಿ: ಯಾರು, ಯಾವ ಆಯುಧ, ದೇಹದ ಯಾವ ಭಾಗ, ಯಾವ ಸಾಕ್ಷಿ ಹೇಳಿದ್ದು, ಪ್ರಮಾಣಪತ್ರದ ಎಷ್ಟನೇ ಗಾಯ. ಖಾಲಿ ಉಳಿದ ಮನೆಗಳೇ ನಿಮ್ಮ ವಾದ. ಆದರೆ ಸಮಾನ ಉದ್ದೇಶ ಸಾಬೀತಾಗಿದ್ದರೆ ತಾನೇ ಹೊಡೆಯದಿದ್ದವನಿಗೂ ಶಿಕ್ಷೆಯಾಗಬಹುದು. ಖಾಲಿ ಮನೆಯವನು ಅಲ್ಲಿಗೆ ಏಕೆ ಬಂದಿದ್ದ ಎಂಬುದಕ್ಕೂ ಸಾಕ್ಷ್ಯ ಹುಡುಕಬೇಕು.

8. ಮೆಮೋ ಬರೆಯುವಾಗ

ಬಿಡುಗಡೆ ಒಂದನ್ನೇ ಕೇಳಬೇಡಿ. ಮೆಟ್ಟಿಲು ಇಟ್ಟು ಕೇಳಿ. ಮೊದಲು ಬಿಡುಗಡೆ, ಅದು ಆಗದಿದ್ದರೆ 326ರಿಂದ 325 ಅಥವಾ 324ಕ್ಕೆ, ಅದೂ ಆಗದಿದ್ದರೆ ಶಿಕ್ಷೆಯಲ್ಲಿ ಇಳಿಕೆ. "ಎಲ್ಲ ಕೇಳಿದರೆ ನಾವು ಒಪ್ಪಿಕೊಂಡ ಹಾಗೆ ಆಗಲ್ವಾ" ಎಂದು ಕಕ್ಷಿದಾರರು ಹೆದರುತ್ತಾರೆ. ಆಗುವುದಿಲ್ಲ. ನಿಜ ಹೇಳಬೇಕೆಂದರೆ ಇಂಥ ಮೇಲ್ಮನವಿಗಳಲ್ಲಿ ನಡುವಿನ ಮೆಟ್ಟಿಲೇ ಹೆಚ್ಚು ಕೆಲಸಕ್ಕೆ ಬರುತ್ತದೆ. 324ಕ್ಕೆ ಇಳಿದರೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಒಳ್ಳೆಯ ನಡತೆಯ ಬಾಂಡ್ ಮೇಲೆ ಬಿಡಲು ಕೇಳಬಹುದು. 326ಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇರುವುದರಿಂದ ಆ ಬಾಗಿಲು ಮುಚ್ಚಿದೆ. ವಯಸ್ಸು, ಮೊದಲ ಅಪರಾಧ, ಘಟನೆಯಾಗಿ ಕಳೆದ ವರ್ಷಗಳು, ಆಗಲೇ ಜೈಲಿನಲ್ಲಿ ಕಳೆದ ದಿನಗಳು, ಎರಡೂ ಕಡೆಯವರ ರಾಜಿ, ಕೊಡಲು ಸಿದ್ಧವಿರುವ ಪರಿಹಾರ, ಇವಕ್ಕೆಲ್ಲ ಕಾಗದ ಸೇರಿಸಿ. ಬಾಯಲ್ಲಿ ಹೇಳಿದರೆ ಸಾಲದು.

ಹೊಸ ಸಾಕ್ಷ್ಯ ತರಲೇಬೇಕು ಎನ್ನುವವರಿಗೆ ಸಿಆರ್‌ಪಿಸಿಯ 391ನೇ ಕಲಂ ಇದೆ, ಈಗ ನಾಗರಿಕ ಸುರಕ್ಷಾ ಸಂಹಿತೆಯ 432. ಕೋರ್ಟು ಅಗತ್ಯ ಕಂಡರೆ ಕಾರಣ ಬರೆದು ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುತ್ತದೆ. ಅಪರೂಪ. ವಿಚಾರಣೆಯಲ್ಲಿ ಬಿಟ್ಟ ತೂತು ಮುಚ್ಚುವುದಕ್ಕೆ ಅದು ಇಲ್ಲ.

9. ಸೆಷನ್ಸ್ ಕೋರ್ಟಿನಲ್ಲೂ ಸೋತರೆ

90 ದಿನದೊಳಗೆ ಹೈಕೋರ್ಟಿಗೆ ರಿವಿಷನ್ ಅರ್ಜಿ ಹಾಕಬಹುದು. ಇದು ಇನ್ನೊಂದು ಮೇಲ್ಮನವಿಯಲ್ಲ. ಅಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ. ಕಾನೂನಿನ ತಪ್ಪು, ಕಡತದಲ್ಲಿರುವ ಮುಖ್ಯ ಸಾಕ್ಷ್ಯವನ್ನು ನೋಡದೇ ಬಿಟ್ಟದ್ದು, ಯಾರೂ ಬರಲಾರದ ತೀರ್ಮಾನಕ್ಕೆ ಬಂದದ್ದು, ಇಂಥವನ್ನಷ್ಟೇ ಹೈಕೋರ್ಟು ನೋಡುತ್ತದೆ. ಎಕ್ಸ್‌ರೇ ಇರಲಿಲ್ಲ ಎಂಬ ಮಾತನ್ನು ಸೆಷನ್ಸ್ ಕೋರ್ಟಿನಲ್ಲಿ ಎತ್ತಿದ್ದು, ಅವರು ಅದಕ್ಕೆ ಉತ್ತರವನ್ನೇ ಕೊಡದಿದ್ದರೆ ರಿವಿಷನ್‌ಗೆ ಒಳ್ಳೆಯ ಅಂಶ. ಅಲ್ಲೇ ಮೊದಲ ಸಲ ಎತ್ತಿದರೆ, ಕೆಳಗೆ ಏಕೆ ಕೇಳಲಿಲ್ಲ ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕಾಗುತ್ತದೆ.